ಸಾರ್ವಜನಿಕ ಸ್ಥಳಗಳು ಹಾಗೂ ಕೆಲಸದ ಸ್ಥಳಗಳಲ್ಲಿ ಧೂಮಪಾನ ನಿಷೇಧ: ಕಾನೂನು, ಹೊಣೆಗಾರಿಕೆ ಮತ್ತು ದೂರು ಸಲ್ಲಿಸುವ ವಿಧಾನ

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಮಾಡುವುದು ಶಿಕ್ಷಾರ್ಹ ಅಪರಾಧವೆಂಬುದು ಬಹುತೇಕ ಎಲ್ಲರಿಗೂ ತಿಳಿದ ಸಂಗತಿ. ಆದರೆ ಈ ಕಾನೂನಿನ ಮುಖ್ಯ ಹೊಣೆಯು ಸ್ಥಳದ ಮಾಲೀಕರ, ವ್ಯವಸ್ಥಾಪಕರ ಅಥವಾ ಕಚೇರಿ ಮುಖ್ಯಸ್ಥರ ಮೇಲಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಹೋಟೆಲು, ಅಂಗಡಿ, ಕಲ್ಯಾಣ ಮಂಟಪ ಮುಂತಾದವುಗಳ ಪರವಾನಗಿಗೆ ಅರ್ಜಿ ಸಲ್ಲಿಸುವವರು, ಕಚೇರಿಗಳಿಗೆ ಕೆಲಸದ ನಿಮಿತ್ತ ಭೇಟಿ ನೀಡುವ ಸಾರ್ವಜನಿಕರು ಹಾಗೂ ಸಂಸ್ಥೆಗಳಲ್ಲಿ ದುಡಿಯುವ ನೌಕರರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ. ಕರ್ನಾಟಕಕ್ಕೆ ಅನ್ವಯಿಸುವಂತೆ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಗಳನ್ನೂ ಸೇರಿಸಲಾಗಿದೆ.

ಕಾನೂನಿನ ಹಿನ್ನೆಲೆ

ಧೂಮಪಾನಕ್ಕೆ ಕಡಿವಾಣ ಹಾಕುವ ಕಾನೂನು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಅಂದಿನ ಮೈಸೂರು ರಾಜ್ಯದಲ್ಲಿ 1963ರಷ್ಟು ಹಿಂದೆಯೇ ಪ್ರದರ್ಶನ ಮಂದಿರಗಳು ಮತ್ತು ಸಾರ್ವಜನಿಕ ಸಭಾಂಗಣಗಳಲ್ಲಿ ಧೂಮಪಾನವನ್ನು ನಿಷೇಧಿಸುವ ಅಧಿನಿಯಮವನ್ನು ರೂಪಿಸಲಾಗಿತ್ತು. ಅದರ ವ್ಯಾಪ್ತಿಯು ಸೀಮಿತವಾಗಿತ್ತು. ಬಸ್ಸು, ಕಚೇರಿ, ಆಸ್ಪತ್ರೆ, ಹೋಟೆಲುಗಳು ಅದರ ಹೊರಗೇ ಉಳಿದಿದ್ದವು.

1999ರ ಜುಲೈ ತಿಂಗಳಿನಲ್ಲಿ ಕೇರಳ ಉಚ್ಚ ನ್ಯಾಯಾಲಯವು ಮಹತ್ವದ ತೀರ್ಪೊಂದನ್ನು ನೀಡಿ, ಸಾರ್ವಜನಿಕ ಸ್ಥಳದಲ್ಲಿ ಒಬ್ಬರು ಬಿಡುವ ಹೊಗೆಯನ್ನು ಮತ್ತೊಬ್ಬರು ಇಚ್ಛೆಯಿಲ್ಲದೆ ಸೇವಿಸುವಂತಾಗುವುದು ಸಂವಿಧಾನದ 21ನೇ ಅನುಚ್ಛೇದವು ನೀಡಿರುವ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸಾರಿತು. ತದನಂತರ ಮುರಳಿ ದೇವರಾ ಅವರು ಸಲ್ಲಿಸಿದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 2ರಂದು ಆದೇಶ ಹೊರಡಿಸಿ, ಸಭಾಂಗಣ, ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಗ್ರಂಥಾಲಯ, ನ್ಯಾಯಾಲಯದ ಕಟ್ಟಡ, ಸಾರ್ವಜನಿಕ ಕಚೇರಿ ಹಾಗೂ ರೈಲು ಸೇರಿದಂತೆ ಸಾರ್ವಜನಿಕ ವಾಹನಗಳಲ್ಲಿ ಧೂಮಪಾನವನ್ನು ನಿಷೇಧಿಸುವಂತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ನಿರ್ದೇಶನ ನೀಡಿತು.

ಸಂಸತ್ತು 2003ರಲ್ಲಿ ಅಂಗೀಕರಿಸಿದ ಸಿಗರೇಟು ಮತ್ತು ಇತರೆ ತಂಬಾಕು ಉತ್ಪನ್ನಗಳ ಅಧಿನಿಯಮವು (2003ರ ಅಧಿನಿಯಮ ಸಂಖ್ಯೆ 34) ಇಂದಿಗೂ ಈ ವಿಷಯದ ಮೂಲ ಕಾನೂನು. ಜನರ ಬಾಯಲ್ಲಿ ಇದು ಕೋಟ್ಪಾ ಕಾಯ್ದೆ. ಸಾರ್ವಜನಿಕ ಸ್ಥಳದ ಧೂಮಪಾನ ನಿಷೇಧವು 2004ರ ಮೇ 1ರಿಂದ ಜಾರಿಗೆ ಬಂದಿತು. ಆದರೂ ಕೆಲಸದ ಸ್ಥಳಗಳ ವಿಷಯದಲ್ಲಿ ಗೊಂದಲ ಉಳಿದಿತ್ತು. ಈ ಕೊರತೆಯನ್ನು ನೀಗಿಸಲು ಕೇಂದ್ರ ಸರ್ಕಾರವು 2008ರ ಮೇ 30ರಂದು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ ನಿಯಮಗಳನ್ನು ಪ್ರಕಟಿಸಿತು. ಅವು ಅದೇ ವರ್ಷದ ಗಾಂಧಿ ಜಯಂತಿಯ ದಿನ, ಅಂದರೆ 2008ರ ಅಕ್ಟೋಬರ್ 2ರಂದು ಜಾರಿಗೊಂಡವು. ಹೋಟೆಲು ಉದ್ದಿಮೆ ಹಾಗೂ ಸಿಗರೇಟು ಉದ್ದಿಮೆಯ ಕಡೆಯವರು ತಡೆಯಾಜ್ಞೆ ಕೋರಿದರೂ ಸರ್ವೋಚ್ಚ ನ್ಯಾಯಾಲಯವು ತಡೆ ನೀಡಲಿಲ್ಲ.

ಕರ್ನಾಟಕ ವಿಧಾನಮಂಡಲವು 2024ರ ಫೆಬ್ರವರಿಯಲ್ಲಿ ಅಂಗೀಕರಿಸಿದ ತಿದ್ದುಪಡಿಗೆ ರಾಷ್ಟ್ರಪತಿಯವರ ಅಂಕಿತ ದೊರೆತು, 2025ರ ಮೇ ತಿಂಗಳ ಕೊನೆಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಅದರಂತೆ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡಿದವರಿಗೆ ಮೊದಲು ಗರಿಷ್ಠ ರೂ. 200 ಇದ್ದ ದಂಡವನ್ನು ಕರ್ನಾಟಕದಲ್ಲಿ ರೂ. 1,000ಕ್ಕೆ ಹೆಚ್ಚಿಸಲಾಗಿದೆ. ಹುಕ್ಕಾ ಬಾರ್‌ಗಳನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ತಂಬಾಕು ಉತ್ಪನ್ನಗಳ ಖರೀದಿಗೆ ಇದ್ದ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಲಾಗಿದೆ.

ಕಾನೂನು ಏಕೆ ಬೇಕಾಯಿತು

ಧೂಮಪಾನವು ಸೇದುವವರ ಸ್ವಂತ ವಿಷಯ, ಅದರಲ್ಲಿ ಸರ್ಕಾರವು ಏಕೆ ತಲೆಹಾಕಬೇಕು ಎಂದು ಕೇಳುವವರಿದ್ದಾರೆ. ಒಬ್ಬ ವಯಸ್ಕ ವ್ಯಕ್ತಿ ತನ್ನ ಮನೆಯಲ್ಲಿ ಬೀಡಿ ಸೇದುವುದನ್ನು ಈ ಕಾನೂನು ತಡೆಯುವುದಿಲ್ಲ. ತಂಬಾಕು ಬೆಳೆಯುವುದನ್ನಾಗಲಿ, ನಿಯಮಾನುಸಾರ ಮಾರುವುದನ್ನಾಗಲಿ ಅದು ನಿಷೇಧಿಸಿಲ್ಲ. ಹುಣಸೂರು, ಪಿರಿಯಾಪಟ್ಟಣ ಭಾಗದ ಹೊಗೆಸೊಪ್ಪು ಬೆಳೆಗಾರರು ಹಾಗೂ ಕರಾವಳಿಯಲ್ಲಿ ಬೀಡಿ ಕಟ್ಟಿ ಜೀವನ ಸಾಗಿಸುವ ಮಹಿಳೆಯರ ಕಸುಬಿನ ಮೇಲೆ ಈ ನಿಯಮಗಳು ನೇರ ನಿರ್ಬಂಧವನ್ನು ಹೇರಿಲ್ಲ. ಕಾನೂನು ಸಾರ್ವಜನಿಕ ಸ್ಥಳದ ಗಾಳಿಯನ್ನಷ್ಟೇ ಕುರಿತದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ತಾವು ಸೇದದೆಯೇ ಇತರರು ಬಿಟ್ಟ ಹೊಗೆಯ ಕಾರಣದಿಂದ ಪ್ರಪಂಚದಲ್ಲಿ ಪ್ರತಿ ವರ್ಷ 12 ಲಕ್ಷಕ್ಕೂ ಅಧಿಕ ಜನ ಸಾವನ್ನಪ್ಪುತ್ತಾರೆ. ಹೃದಯಾಘಾತ, ಶ್ವಾಸಕೋಶದ ಕ್ಯಾನ್ಸರ್, ಮಕ್ಕಳಲ್ಲಿ ಉಬ್ಬಸ, ಗರ್ಭಿಣಿಯರಲ್ಲಿ ಕಡಿಮೆ ತೂಕದ ಮಗುವಿನ ಜನನ ಇವೆಲ್ಲವೂ ಪರೋಕ್ಷ ಧೂಮಪಾನಕ್ಕೆ ಸಂಬಂಧಿಸಿದವು. ಕಿಟಕಿ ತೆರೆಯುವುದರಿಂದಾಗಲಿ, ಫ್ಯಾನು ಹಾಕುವುದರಿಂದಾಗಲಿ, ಒಂದೇ ಕೋಣೆಯಲ್ಲಿ ಸೇದುವವರಿಗೆ ಪ್ರತ್ಯೇಕ ಮೂಲೆ ನೀಡುವುದರಿಂದಾಗಲಿ ಅಪಾಯವು ನೀಗುವುದಿಲ್ಲ. ಸುರಕ್ಷಿತವೆನ್ನಬಹುದಾದ ಕನಿಷ್ಠ ಪ್ರಮಾಣವೇ ಇಲ್ಲವೆಂಬುದು ತಜ್ಞರ ಅಭಿಪ್ರಾಯ.

2016-17ರಲ್ಲಿ ನಡೆದ ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಕಟ್ಟಡಗಳ ಒಳಗೆ ಕೆಲಸ ಮಾಡುವ ವಯಸ್ಕರಲ್ಲಿ ಶೇ. 30.2ರಷ್ಟು ಮಂದಿ ಕೆಲಸದ ಸ್ಥಳದಲ್ಲೇ ಪರರ ಹೊಗೆಗೆ ಒಡ್ಡಿಕೊಂಡಿದ್ದರು. ಅಂದರೆ ನಿಯಮಗಳು ಜಾರಿಯಾಗಿ ಎಂಟು ವರ್ಷ ಕಳೆದ ನಂತರವೂ ಹತ್ತರಲ್ಲಿ ಮೂವರು. ಅದೇ ಸಮೀಕ್ಷೆಯಲ್ಲಿ ಹೋಟೆಲುಗಳಿಗೆ ಸಂಬಂಧಿಸಿದ ಪ್ರಮಾಣವು ಶೇ. 7.4. ಹೋಟೆಲಿಗೆ ಹೋದ ಗಿರಾಕಿಗೆ ಹೊಗೆ ಹಿಡಿಸದಿದ್ದರೆ ಎದ್ದು ಹೊರಡಬಹುದು. ದಿನಕ್ಕೆ ಎಂಟು ಗಂಟೆ ಅದೇ ಮೇಜಿನ ಮುಂದೆ ಕುಳಿತುಕೊಳ್ಳಲೇಬೇಕಾದ ಗುಮಾಸ್ತನಿಗೆ, ಬಾರ್‌ನಲ್ಲಿ ತಟ್ಟೆ ಎತ್ತುವ ಹುಡುಗನಿಗೆ ಆ ಸ್ವಾತಂತ್ರ್ಯವಿಲ್ಲ. 2004ರ ಮಾರ್ಚ್‌ನಲ್ಲಿ ಐರ್ಲೆಂಡ್ ದೇಶವು ಪಬ್ಬುಗಳೂ ಸೇರಿದಂತೆ ಎಲ್ಲ ಒಳಾಂಗಣ ಕೆಲಸದ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದಾಗಲೂ ನೌಕರರ ಆರೋಗ್ಯವನ್ನೇ ಮುಖ್ಯ ಕಾರಣವಾಗಿ ನೀಡಲಾಗಿತ್ತು.

ಯಾವುದು ಸಾರ್ವಜನಿಕ ಸ್ಥಳ

ಅಧಿನಿಯಮದ ಕಲಂ 3ರಲ್ಲಿ ನೀಡಿರುವ ವ್ಯಾಖ್ಯೆಯ ಪ್ರಕಾರ, ಹಕ್ಕಿನಿಂದಾಗಲಿ ಅಥವಾ ಅನ್ಯಥಾ ಆಗಲಿ ಸಾರ್ವಜನಿಕರಿಗೆ ಪ್ರವೇಶವಿರುವ ಯಾವುದೇ ಸ್ಥಳವು ಸಾರ್ವಜನಿಕ ಸ್ಥಳವಾಗಿರುತ್ತದೆ. ಸಭಾಂಗಣ, ಆಸ್ಪತ್ರೆ, ರೈಲ್ವೆ ನಿರೀಕ್ಷಣಾ ಕೊಠಡಿ, ಮನರಂಜನಾ ಕೇಂದ್ರ, ಉಪಾಹಾರ ಗೃಹ, ಸಾರ್ವಜನಿಕ ಕಚೇರಿ, ನ್ಯಾಯಾಲಯದ ಕಟ್ಟಡ, ಶಿಕ್ಷಣ ಸಂಸ್ಥೆ, ಗ್ರಂಥಾಲಯ, ಸಾರ್ವಜನಿಕ ವಾಹನ ಇವುಗಳನ್ನು ಹೆಸರಿಸಲಾಗಿದೆ. 2008ರ ನಿಯಮಗಳು ಇದಕ್ಕೆ ಕೆಲಸದ ಸ್ಥಳ, ಶಾಪಿಂಗ್ ಮಾಲ್ ಮತ್ತು ಚಿತ್ರಮಂದಿರಗಳನ್ನು ಸ್ಪಷ್ಟವಾಗಿ ಸೇರಿಸಿದವು.

ಹೆಚ್ಚಿನ ವಾದ ವಿವಾದಗಳು ಹುಟ್ಟುವುದು "ಬಯಲು ಸ್ಥಳ" ಎಂಬ ಪದದಿಂದ. ಅಧಿನಿಯಮವು ಬಯಲು ಸ್ಥಳವನ್ನು ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇದನ್ನೇ ಹಿಡಿದುಕೊಂಡು ಮೇಲ್ಛಾವಣಿಯಿಲ್ಲದ ಯಾವುದೇ ಜಾಗದಲ್ಲಿ ಸೇದಬಹುದೆಂದು ವಾದಿಸುವುದು ಸರಿಯಲ್ಲ. ಬಯಲು ರಂಗಮಂದಿರ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ತಂಗುದಾಣ ಹಾಗೂ ಇಂತಹ ಇತರ ಸ್ಥಳಗಳನ್ನು ಬಯಲು ಸ್ಥಳವೆಂದು ಪರಿಗಣಿಸತಕ್ಕದ್ದಲ್ಲವೆಂದು ನಿಯಮಗಳಲ್ಲಿ ತಿಳಿಸಲಾಗಿದೆ. ಆದ್ದರಿಂದ ರೈಲ್ವೆ ಪ್ಲಾಟ್‌ಫಾರಂನ ತುದಿಯಲ್ಲಿ, ಬಿಸಿಲಿಗೆ ನಿಂತು ಸೇದಿದರೂ ಅದು ಅಪರಾಧವೇ.

ಹೋಟೆಲುಗಳ ವಿಷಯದಲ್ಲಿ ನಿಯಮವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಣ ಪಡೆದು ತಿಂಡಿ ಅಥವಾ ಪಾನೀಯವನ್ನು ಸ್ಥಳದಲ್ಲೇ ಸೇವಿಸಲು ಒದಗಿಸುವ ಯಾವುದೇ ಜಾಗವು ಉಪಾಹಾರ ಗೃಹದ ವ್ಯಾಖ್ಯೆಗೆ ಒಳಪಡುತ್ತದೆ ಮತ್ತು ಅದರ ಸುತ್ತಲಿನ ತೆರೆದ ಜಾಗವೂ ಅದರಲ್ಲಿ ಸೇರುತ್ತದೆ. ಕ್ಯಾಂಟೀನು, ಕಾಫಿ ಹೌಸು, ಪಬ್ಬು, ಬಾರು, ಔತಣಕೂಟದ ಸಭಾಂಗಣ ಎಲ್ಲವೂ ಈ ವ್ಯಾಖ್ಯೆಯಲ್ಲಿವೆ. ದರ್ಶಿನಿ ಹೋಟೆಲಿನ ಮುಂದೆ ಹಾಕಿರುವ ಎತ್ತರದ ಮೇಜುಗಳ ಬಳಿ, ಡಾಬಾದ ಅಂಗಳದಲ್ಲಿ, ಗಾರ್ಡನ್ ರೆಸ್ಟೋರೆಂಟಿನ ಮರದಡಿಯಲ್ಲಿ ಕುಳಿತು ಸೇದುವವರು "ಇದು ಬಯಲಲ್ಲವೇ" ಎಂದು ಕೇಳಿದಲ್ಲಿ ಉತ್ತರವು ಈ ವ್ಯಾಖ್ಯೆಯಲ್ಲಿಯೇ ಇದೆ. ಒಂದು ಕೈಯಲ್ಲಿ ಚಹಾದ ಲೋಟ, ಮತ್ತೊಂದರಲ್ಲಿ ಸಿಗರೇಟು ಹಿಡಿದು ನಿಲ್ಲುವ ಅಭ್ಯಾಸವು ನಗರಗಳಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ, ಚಹಾ ಅಂಗಡಿಯವರಿಗೇ ತಮ್ಮ ಮೇಲೆ ಹೊಣೆಯಿದೆಯೆಂಬ ಅರಿವಿರುವುದಿಲ್ಲ.

ಬಸ್ಸು, ಟ್ಯಾಕ್ಸಿ, ಆಟೋರಿಕ್ಷಾಗಳು ಸಾರ್ವಜನಿಕ ವಾಹನಗಳು. ಚಾಲಕರಿಗೂ ಪ್ರಯಾಣಿಕರಿಗೂ ನಿಯಮ ಒಂದೇ. ಖಾಸಗಿ ವಾಸದ ಮನೆಗೆ ಈ ಕಾನೂನು ಅನ್ವಯಿಸುವುದಿಲ್ಲ.

ಸಿಗರೇಟು, ಚುಟ್ಟಾ, ಬೀಡಿ ಅಥವಾ ಕೊಳವೆಯಂತಹ ಯಾವುದೇ ಸಾಧನದ ಮೂಲಕ ತಂಬಾಕಿನ ಹೊಗೆಯನ್ನು ಸೇವಿಸುವುದೆಲ್ಲವೂ ಧೂಮಪಾನವೇ. ಎಲೆಕ್ಟ್ರಾನಿಕ್ ಸಿಗರೇಟಿನ ವಿಷಯವು ಬೇರೆ ಕಾನೂನಿಗೆ ಸೇರಿದ್ದು. 2019ರ ಕೇಂದ್ರ ಅಧಿನಿಯಮದ ಮೂಲಕ ಅದರ ಉತ್ಪಾದನೆ, ಆಮದು, ಮಾರಾಟ ಮತ್ತು ಜಾಹೀರಾತನ್ನು ದೇಶದಾದ್ಯಂತ ನಿಷೇಧಿಸಲಾಗಿದೆ.

ಕೆಲಸದ ಸ್ಥಳ

ಕೆಲಸದ ಸ್ಥಳವೆಂದರೆ ಸರ್ಕಾರಿ ಕಚೇರಿ ಮಾತ್ರವಲ್ಲ. ಕಾರ್ಖಾನೆ, ಬ್ಯಾಂಕು, ಸಾಫ್ಟ್‌ವೇರ್ ಸಂಸ್ಥೆ, ಗೋದಾಮು, ವಕೀಲರ ಅಥವಾ ಲೆಕ್ಕಪರಿಶೋಧಕರ ಕಚೇರಿ, ಮುದ್ರಣಾಲಯ ಎಲ್ಲವೂ ಸೇರುತ್ತವೆ. ಸಾರ್ವಜನಿಕರು ಅಲ್ಲಿಗೆ ಬರುತ್ತಾರೋ ಇಲ್ಲವೋ ಎಂಬುದು ಮುಖ್ಯವಲ್ಲ. ನೌಕರರು ಕೆಲಸ ಮಾಡುವ ಸ್ಥಳವಾಗಿದ್ದರೆ ಸಾಕು.

ಈ ಸಂಬಂಧದಲ್ಲಿ ಎರಡು ತಪ್ಪು ಗ್ರಹಿಕೆಗಳನ್ನು ನಿವಾರಿಸುವುದು ಅಗತ್ಯ. ಮೊದಲನೆಯದು, ಪ್ರತ್ಯೇಕ ಕೊಠಡಿಯುಳ್ಳ ಅಧಿಕಾರಿ ಅಥವಾ ಮಾಲೀಕರು ತಮ್ಮ ಕೊಠಡಿಯ ಬಾಗಿಲು ಹಾಕಿಕೊಂಡು ಸೇದಬಹುದೆಂಬುದು. ಕೊಠಡಿಯು ಕಚೇರಿಯ ಭಾಗ. ಅಲ್ಲಿಗೆ ಕಡತ ತರುವ ಸಹಾಯಕರು, ಅರ್ಜಿ ಹಿಡಿದು ಬರುವ ನಾಗರಿಕರು, ಸಂಜೆ ಕಸ ಗುಡಿಸುವವರು ಎಲ್ಲರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಹುದ್ದೆಯ ದರ್ಜೆಗನುಗುಣವಾಗಿ ಯಾವುದೇ ವಿನಾಯಿತಿಯಿಲ್ಲ.

ಎರಡನೆಯದು, ಸಂಸ್ಥೆಯು ಬಯಸಿದಲ್ಲಿ ಕಟ್ಟಡದೊಳಗೆ ಧೂಮಪಾನದ ಕೊಠಡಿಯನ್ನು ನಿರ್ಮಿಸಿಕೊಳ್ಳಬಹುದೆಂಬುದು. ಅಧಿನಿಯಮದ ಕಲಂ 4ರ ಪರಂತುಕದಲ್ಲಿ ಈ ಅವಕಾಶವನ್ನು ಮೂರು ಬಗೆಯ ಸ್ಥಳಗಳಿಗೆ ಮಾತ್ರ ನೀಡಲಾಗಿದೆ: 30 ಕೊಠಡಿಗಳಿರುವ ವಸತಿಗೃಹ, 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೂರಬಲ್ಲ ಉಪಾಹಾರ ಗೃಹ ಮತ್ತು ವಿಮಾನ ನಿಲ್ದಾಣ. ಕಚೇರಿ, ಕಾರ್ಖಾನೆ, ಮಾಲ್, ಚಿತ್ರಮಂದಿರಗಳು ಈ ಪಟ್ಟಿಯಲ್ಲಿಲ್ಲ. ಸಾವಿರಾರು ನೌಕರರಿರುವ ಸಂಸ್ಥೆಯಾದರೂ ಅಷ್ಟೇ.

ಸರ್ಕಾರಿ ನೌಕರರಿಗೆ ಸಂಬಂಧಿಸಿದಂತೆ, ಕಚೇರಿ ಹಾಗೂ ಕಚೇರಿಯ ಆವರಣದಲ್ಲಿ ಧೂಮಪಾನ ಮತ್ತು ತಂಬಾಕು ಉತ್ಪನ್ನಗಳ ಸೇವನೆಯನ್ನು ನಿಷೇಧಿಸಿ 2024ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರವು ಸುತ್ತೋಲೆ ಹೊರಡಿಸಿದೆ. ಉಲ್ಲಂಘಿಸಿದವರ ಮೇಲೆ ನಿಯಮಾನುಸಾರ ಕ್ರಮ ಕೈಗೊಳ್ಳಲು ಅವಕಾಶವಿದೆ. ಕಚೇರಿಗೆ ಬಂದ ಅರ್ಜಿದಾರರು ಈ ವಿಷಯವನ್ನು ಮುಖ್ಯಸ್ಥರ ಗಮನಕ್ಕೆ ತಂದರೆ ಅದನ್ನು ಉದ್ಧಟತನವೆಂದು ಭಾವಿಸಲು ಕಾರಣವಿಲ್ಲ. ತಮ್ಮ ಅರ್ಜಿಯ ವಿಲೇವಾರಿಗೆ ತೊಂದರೆಯಾದೀತೆಂಬ ಅಂಜಿಕೆಯಿಂದ ಹೊಗೆಯ ನಡುವೆಯೇ ಸರತಿಯಲ್ಲಿ ನಿಲ್ಲುವವರಿದ್ದಾರೆ. ಅಂಥವರಿಗಾಗಿಯೇ ಈ ಮಾತನ್ನು ಪ್ರತ್ಯೇಕವಾಗಿ ನಮೂದಿಸಲಾಗಿದೆ.

ಮಾಲೀಕರ ಹಾಗೂ ಉಸ್ತುವಾರಿ ಅಧಿಕಾರಿಗಳ ಕರ್ತವ್ಯಗಳು

2008ರ ನಿಯಮಗಳ ನಿಯಮ 3 ಇಡೀ ವ್ಯವಸ್ಥೆಯ ಬೆನ್ನೆಲುಬು. ಸಾರ್ವಜನಿಕ ಸ್ಥಳದ ಮಾಲೀಕರು, ವ್ಯವಸ್ಥಾಪಕರು, ಮೇಲ್ವಿಚಾರಕರು ಅಥವಾ ಉಸ್ತುವಾರಿ ಹೊಂದಿರುವವರು ಅಲ್ಲಿ ಯಾರೂ ಧೂಮಪಾನ ಮಾಡದಂತೆ ನೋಡಿಕೊಳ್ಳತಕ್ಕದ್ದು. ಫಲಕ ತೂಗುಹಾಕಿದ ಮಾತ್ರಕ್ಕೆ ಈ ಕರ್ತವ್ಯವು ಮುಗಿಯುವುದಿಲ್ಲ. ಆದರೂ ಫಲಕವು ಕಡ್ಡಾಯ, ಹಾಗೂ ಅದರ ಅಳತೆಯನ್ನು ನಿಯಮದಲ್ಲಿಯೇ ನಿಗದಿಪಡಿಸಲಾಗಿದೆ.

ಫಲಕವು ಕನಿಷ್ಠ 60 ಸೆಂ.ಮೀ. ಉದ್ದ ಹಾಗೂ 30 ಸೆಂ.ಮೀ. ಅಗಲವಿದ್ದು ಬಿಳಿಯ ಹಿನ್ನೆಲೆ ಹೊಂದಿರತಕ್ಕದ್ದು. ಅದರಲ್ಲಿ ಕನಿಷ್ಠ 15 ಸೆಂ.ಮೀ. ಹೊರವ್ಯಾಸದ ವೃತ್ತ, ಅದಕ್ಕೆ ಕನಿಷ್ಠ 3 ಸೆಂ.ಮೀ. ಅಗಲದ ಕೆಂಪು ಅಂಚು, ಮಧ್ಯದಲ್ಲಿ ಕಪ್ಪು ಹೊಗೆಯುಳ್ಳ ಸಿಗರೇಟು ಅಥವಾ ಬೀಡಿಯ ಚಿತ್ರ ಮತ್ತು ಅದನ್ನು ಅಡ್ಡಲಾಗಿ ಹಾಯುವ ಅಷ್ಟೇ ಅಗಲದ ಕೆಂಪು ಪಟ್ಟಿ ಇರತಕ್ಕದ್ದು. ಧೂಮಪಾನ ನಿಷೇಧಿತ ಪ್ರದೇಶ, ಇಲ್ಲಿ ಧೂಮಪಾನ ಮಾಡುವುದು ಅಪರಾಧ ಎಂಬ ಎಚ್ಚರಿಕೆಯನ್ನು ಇಂಗ್ಲಿಷ್ ಅಥವಾ ಒಂದು ಭಾರತೀಯ ಭಾಷೆಯಲ್ಲಿ ಬರೆಯಿಸತಕ್ಕದ್ದು. ಕರ್ನಾಟಕದಲ್ಲಿ ಕನ್ನಡದಲ್ಲಿ ಬರೆಯಿಸುವುದೇ ಯುಕ್ತ. ಎ-4 ಹಾಳೆಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದ ಸೂಚನೆಯು ಈ ಅಳತೆಗೆ ಬಾರದು.

ಎಷ್ಟು ಫಲಕಗಳು ಬೇಕು ಎಂಬುದನ್ನು ಉದಾಹರಣೆಯೊಂದಿಗೆ ನೋಡಬಹುದು. ಪ್ರತಿ ಪ್ರವೇಶದ್ವಾರದಲ್ಲಿ, ಹಾಗೂ ಪ್ರತಿ ಮಹಡಿಯಲ್ಲಿ ಮೆಟ್ಟಿಲು ಮತ್ತು ಲಿಫ್ಟಿನ ಪ್ರವೇಶ ಸೇರಿದಂತೆ ಎದ್ದು ಕಾಣುವ ಜಾಗದಲ್ಲಿ ಫಲಕವಿರಬೇಕು. ಎರಡು ಪ್ರವೇಶದ್ವಾರ, ಮೂರು ಮಹಡಿ, ಒಂದು ಮೆಟ್ಟಿಲಸಾಲು ಮತ್ತು ಒಂದು ಲಿಫ್ಟ್ ಇರುವ ಕಟ್ಟಡಕ್ಕೆ ದ್ವಾರಗಳಿಗೆ 2, ಮಹಡಿಯೊಂದಕ್ಕೆ 3ರಂತೆ 9, ಒಟ್ಟು 11 ಫಲಕಗಳಾಗುತ್ತವೆ. ಇದು ಒಂದು ಬಾರಿ ಮಾಡುವ ವೆಚ್ಚ. ಮುಂದೆ ತಿಳಿಸಿರುವ ದಂಡದೊಡನೆ ಹೋಲಿಸಿ ನೋಡಿದಲ್ಲಿ ಉದ್ದಿಮೆದಾರರಿಗೆ ಹೊರೆಯೆನಿಸದು.

ಬೂದಿ ಬಟ್ಟಲು, ಬೆಂಕಿಪೊಟ್ಟಣ, ಲೈಟರ್ ಮುಂತಾಗಿ ಧೂಮಪಾನಕ್ಕೆ ಅನುವು ಮಾಡಿಕೊಡುವ ಯಾವ ವಸ್ತುವನ್ನೂ ಸ್ಥಳದಲ್ಲಿ ಒದಗಿಸತಕ್ಕದ್ದಲ್ಲ. ಮೇಜಿನ ಮೇಲಿನ ಬೂದಿ ಬಟ್ಟಲು ಗಿರಾಕಿಗೆ ನೀಡುವ ಆಹ್ವಾನವೆಂದೇ ಪರಿಗಣಿತವಾಗುತ್ತದೆ.

ಇದರೊಂದಿಗೆ, ಉಲ್ಲಂಘನೆಯನ್ನು ಕಂಡವರು ಯಾರಿಗೆ ದೂರು ನೀಡಬೇಕೋ ಅವರ ಹೆಸರನ್ನು ಎದ್ದುಕಾಣುವಂತೆ ಪ್ರದರ್ಶಿಸತಕ್ಕದ್ದು. ಅತಿ ಹೆಚ್ಚಾಗಿ ನಿರ್ಲಕ್ಷ್ಯಕ್ಕೊಳಗಾಗುವ ನಿಯಮವೆಂದರೆ ಇದೇ. ಕೆಂಪು ವೃತ್ತದ ಫಲಕಗಳು ಎಲ್ಲೆಡೆ ಕಾಣುತ್ತವೆ. ಹೊಣೆ ಹೊತ್ತವರ ಹೆಸರು ಅಪರೂಪ. ಹೆಸರಿಲ್ಲದಿದ್ದಲ್ಲಿ ದೂರು ಯಾರನ್ನೂ ತಲುಪುವುದಿಲ್ಲ, ದೂರು ತಲುಪದಿದ್ದಲ್ಲಿ ಮಾಲೀಕರ ಹೊಣೆಯನ್ನು ಸಾಬೀತುಪಡಿಸುವುದೂ ಕಷ್ಟ.

ದೂರು ಬಂದ ನಂತರವೂ ಮಾಲೀಕರು ಅಥವಾ ಉಸ್ತುವಾರಿ ಹೊಂದಿರುವವರು ಕ್ರಮ ಕೈಗೊಳ್ಳದಿದ್ದಲ್ಲಿ, ಅಲ್ಲಿ ನಡೆದ ಅಪರಾಧಗಳ ಸಂಖ್ಯೆಗೆ ಸಮನಾದ ದಂಡವನ್ನು ಅವರೇ ತೆರಬೇಕಾಗುತ್ತದೆ. ಒಂದು ಬಾರ್‌ನಲ್ಲಿ 12 ಮಂದಿ ಸೇದುತ್ತಿದ್ದು, ತಿಳಿಸಿದರೂ ವ್ಯವಸ್ಥಾಪಕರು ಸುಮ್ಮನಿದ್ದರೆಂದು ಭಾವಿಸೋಣ. ಸೇದಿದ ಪ್ರತಿಯೊಬ್ಬರ ದಂಡವು ಅವರವರಿಗೆ. ವ್ಯವಸ್ಥಾಪಕರ ಹೊಣೆಯು ಒಂದಲ್ಲ, ಹನ್ನೆರಡು ಅಪರಾಧಗಳದ್ದು. ಗರಿಷ್ಠ ದಂಡ ರೂ. 1,000 ಎಂದಿಟ್ಟುಕೊಂಡರೆ ರೂ. 12,000ದವರೆಗೆ ಆಗಬಹುದು.

ಧೂಮಪಾನ ಕೊಠಡಿಗೆ ಅನುಮತಿಸಿರುವ ಸ್ಥಳಗಳು

ಮೇಲೆ ತಿಳಿಸಿದ ಮೂರು ಬಗೆಯ ಸ್ಥಳಗಳಲ್ಲಿ ಪ್ರತ್ಯೇಕ ಧೂಮಪಾನ ಕೊಠಡಿ ಮಾಡಬಹುದು, ಮಾಡಲೇಬೇಕೆಂದಿಲ್ಲ. ಮಾಡುವುದಾದಲ್ಲಿ ಅದು ನಾಲ್ಕೂ ಕಡೆ ಮಾಳಿಗೆಯವರೆಗೆ ಎತ್ತರದ ಗೋಡೆ ಹೊಂದಿರಬೇಕು. ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲಿರಬೇಕು. ಒಳಗಿನ ಗಾಳಿಯು ಕಟ್ಟಡದ ಉಳಿದ ಭಾಗಕ್ಕೆ ಸೇರದೆ ನೇರವಾಗಿ ಹೊರಹೋಗುವಂತೆ ಯಂತ್ರ ವ್ಯವಸ್ಥೆ ಇರಬೇಕು. ಕಟ್ಟಡದ ಪ್ರವೇಶ ಅಥವಾ ನಿರ್ಗಮನದ ಬಳಿ ಇದನ್ನು ಮಾಡತಕ್ಕದ್ದಲ್ಲ. ಅಲ್ಲಿ ಊಟ, ತಿಂಡಿ, ಮದ್ಯ ಅಥವಾ ಬೇರಾವುದೇ ಸೇವೆಯನ್ನು ಒದಗಿಸಲು ಅವಕಾಶವಿಲ್ಲ. 2017ರ ತಿದ್ದುಪಡಿಯು ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಗಾಜಿನ ಅರ್ಧ ಗೋಡೆಯ ಹಿಂದೆ ಮೇಜು ಹಾಕಿ, ಪರಿಚಾರಕರಿಂದ ಬಡಿಸಿ, ಅದನ್ನು ಧೂಮಪಾನ ವಲಯವೆಂದು ಕರೆಯುವುದು ನಿಯಮಬಾಹಿರ.

ವಸತಿಗೃಹದಲ್ಲಿ ಧೂಮಪಾನಕ್ಕೆಂದು ಮೀಸಲಿಡುವ ಕೊಠಡಿಗಳು ಒಂದೇ ಮಹಡಿಯಲ್ಲಿ ಅಥವಾ ಒಂದೇ ಪಾರ್ಶ್ವದಲ್ಲಿರಬೇಕು ಹಾಗೂ ಹಾಗೆಂದು ಸ್ಪಷ್ಟವಾಗಿ ಗುರುತಿಸಿರಬೇಕು. 29 ಕೊಠಡಿಯ ವಸತಿಗೃಹಕ್ಕೆ ಈ ಸೌಲಭ್ಯವಿಲ್ಲ.

ಹುಕ್ಕಾ ಬಾರ್‌ಗಳಿಗೆ ಕರ್ನಾಟಕದಲ್ಲಿ ಯಾವುದೇ ರೂಪದಲ್ಲಿ, ಯಾವುದೇ ಹೆಸರಿನಲ್ಲಿ ಅನುಮತಿಯಿಲ್ಲ. ನಡೆಸಿದವರಿಗೆ ಒಂದರಿಂದ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ರೂ. 50,000ದಿಂದ ರೂ. 1 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ.

ದಂಡ ವಿಧಿಸುವ ಅಧಿಕಾರ ಯಾರಿಗಿದೆ

ದಂಡ ವಿಧಿಸಲು ಪೊಲೀಸರೇ ಬರಬೇಕೆಂದಿಲ್ಲ. ನಿಯಮಗಳ ಅನುಸೂಚಿಯಲ್ಲಿ ಆಯಾ ಸ್ಥಳಕ್ಕೆ ಸಂಬಂಧಿಸಿದ ಅಧಿಕಾರಿಗಳನ್ನೇ ಅಧಿಕೃತಗೊಳಿಸಲಾಗಿದೆ. ಸರ್ಕಾರಿ ಕಚೇರಿಗಳಲ್ಲಿ ಪತ್ರಾಂಕಿತ ಅಧಿಕಾರಿಗಳು, ರೈಲು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರ್, ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್, ಆಸ್ಪತ್ರೆಯಲ್ಲಿ ವೈದ್ಯಕೀಯ ಅಧೀಕ್ಷಕರು ಅಥವಾ ಆಡಳಿತಾಧಿಕಾರಿ, ಶಾಲಾ ಕಾಲೇಜುಗಳಲ್ಲಿ ಮುಖ್ಯೋಪಾಧ್ಯಾಯರು, ಪ್ರಾಂಶುಪಾಲರು ಹಾಗೂ ಶಿಕ್ಷಕರು, ಗ್ರಂಥಾಲಯದಲ್ಲಿ ಗ್ರಂಥಪಾಲಕರು ಈ ಅಧಿಕಾರವನ್ನು ಹೊಂದಿರುತ್ತಾರೆ. ಖಾಸಗಿ ಸಂಸ್ಥೆಗಳಲ್ಲಿ ಸಂಸ್ಥೆಯ ಮುಖ್ಯಸ್ಥರು, ಮಾನವ ಸಂಪನ್ಮೂಲ ವಿಭಾಗದ ವ್ಯವಸ್ಥಾಪಕರು ಅಥವಾ ಆಡಳಿತ ವಿಭಾಗದ ಮುಖ್ಯಸ್ಥರಿಗೆ ಈ ಹೊಣೆಯಿದೆ. ತಮ್ಮ ಸಂಸ್ಥೆಯಲ್ಲಿ ಯಾರಿಗೂ ಅಧಿಕಾರವಿಲ್ಲವೆಂದು ಹೇಳುವ ಖಾಸಗಿ ಸಂಸ್ಥೆಗಳು ಇದನ್ನು ಗಮನಿಸುವುದು ಒಳಿತು.

ಅಧಿಕೃತ ಅಧಿಕಾರಿಯು ದಂಡದ ಮೊತ್ತವನ್ನು ಪಡೆದು ಪ್ರಕರಣವನ್ನು ಸ್ಥಳದಲ್ಲೇ ರಾಜಿ ಮೂಲಕ ಇತ್ಯರ್ಥಪಡಿಸಬಹುದು. ಹಣ ಪಾವತಿಸಿದವರು ರಸೀದಿಯನ್ನು ಕೇಳಿ ಪಡೆಯತಕ್ಕದ್ದು. ರಸೀದಿಯಿಲ್ಲದೆ ನೀಡಿದ ಹಣವು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಮುಂದೆ ಅದೇ ಪ್ರಕರಣಕ್ಕೆ ಮತ್ತೆ ಸೂಚನಾಪತ್ರ ಬಂದಲ್ಲಿ ತೋರಿಸಲು ಆಧಾರವೂ ಇರುವುದಿಲ್ಲ. ಆಪಾದನೆಯನ್ನು ಒಪ್ಪದವರು ಸ್ಥಳದಲ್ಲಿ ಹಣ ಕಟ್ಟದೆ, ತಮ್ಮ ಹೆಸರು ಮತ್ತು ವಿಳಾಸ ನೀಡಿ, ಸಮನ್ಸ್ ಬಂದಾಗ ನ್ಯಾಯಾಲಯದಲ್ಲಿ ಹಾಜರಾಗಬಹುದು. ಹೆಸರು, ವಿಳಾಸ ನೀಡಲು ನಿರಾಕರಿಸಿದವರನ್ನು ತಡೆಹಿಡಿದು, ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ದಂಡಾಧಿಕಾರಿಗಳ ಮುಂದೆ ಹಾಜರುಪಡಿಸಲು ಕಲಂ 25ರಲ್ಲಿ ಅವಕಾಶವಿದೆ. ಬಡಾಯಿಗಿಳಿದು ವಾಗ್ವಾದ ಮಾಡುವುದಕ್ಕಿಂತ ವಿಳಾಸ ನೀಡುವುದು ಲೇಸು.

ದೂರು ಸಲ್ಲಿಸುವ ವಿಧಾನ

ದೂರನ್ನು ಮೊದಲಿಗೆ ಆ ಸ್ಥಳದ ಉಸ್ತುವಾರಿ ಹೊಂದಿರುವವರಿಗೆ ನೀಡತಕ್ಕದ್ದು. ಮೌಖಿಕವಾಗಿ ತಿಳಿಸಬಹುದಾದರೂ ಲಿಖಿತ ದೂರಿಗೆ ಬೆಲೆ ಹೆಚ್ಚು. ಉಸ್ತುವಾರಿ ಹೊಂದಿರುವವರು ಕ್ರಮ ಕೈಗೊಳ್ಳಲಿಲ್ಲವೆಂಬುದನ್ನು ತೋರಿಸಲು, ಅವರಿಗೆ ವಿಷಯ ತಿಳಿದಿತ್ತೆಂಬುದಕ್ಕೆ ದಾಖಲೆ ಬೇಕಾಗುತ್ತದೆ. ದೂರಿನಲ್ಲಿ ಸ್ಥಳದ ಹೆಸರು ಮತ್ತು ಪೂರ್ಣ ವಿಳಾಸ, ದಿನಾಂಕ, ಸಮಯ, ಯಾವ ಭಾಗದಲ್ಲಿ ಧೂಮಪಾನ ನಡೆಯುತ್ತಿತ್ತು, ಫಲಕವಿತ್ತೇ, ಬೂದಿ ಬಟ್ಟಲು ಇಡಲಾಗಿತ್ತೇ ಎಂಬ ವಿವರಗಳಿರಲಿ. "ಎಲ್ಲರೂ ಸೇದುತ್ತಾರೆ, ಯಾರೂ ಕೇಳುವವರಿಲ್ಲ" ಎಂಬ ಒಕ್ಕಣೆಯ ದೂರಿನ ಮೇಲೆ ಯಾವ ಅಧಿಕಾರಿಯೂ ಕ್ರಮ ಕೈಗೊಳ್ಳಲಾರರು. ಪ್ರತಿಗೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಈ ಕೋಶಗಳು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿ ವ್ಯವಸ್ಥೆಯೊಂದಿಗೆ ಕಾರ್ಯ ನಿರ್ವಹಿಸುತ್ತವೆ. ಜಗಳಕ್ಕೆ ತಿರುಗುವ ಸಂದರ್ಭವಿದ್ದಲ್ಲಿ ಸ್ವತಃ ಸೇದುವವರೊಡನೆ ವಾದಕ್ಕಿಳಿಯದೆ, ಪೊಲೀಸ್ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದು ಕ್ಷೇಮಕರ.

ಸರ್ಕಾರಿ ಕಚೇರಿಯೊಂದರಲ್ಲಿ ಎಷ್ಟು ಪ್ರಕರಣ ದಾಖಲಾಗಿವೆ, ಎಷ್ಟು ದಂಡ ವಸೂಲಾಗಿದೆ, ದೂರು ಸ್ವೀಕರಿಸಲು ಯಾರನ್ನು ನೇಮಿಸಲಾಗಿದೆ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕ ಪಾವತಿಸಿ ಕೇಳಬಹುದು. 30 ದಿನಗಳಲ್ಲಿ ಉತ್ತರ ನೀಡತಕ್ಕದ್ದು. ದೂರಿಗಿಂತ ಇಂತಹ ಅರ್ಜಿಯೇ ಕೆಲವೊಮ್ಮೆ ಫಲಕಗಳನ್ನು ಬೇಗ ಗೋಡೆಗೇರಿಸುತ್ತದೆ.

ಪರವಾನಗಿ ಅರ್ಜಿದಾರರ ಗಮನಕ್ಕೆ

ಹೋಟೆಲು, ಬೇಕರಿ, ಬಾರು, ಕಲ್ಯಾಣ ಮಂಟಪ, ಪೇಯಿಂಗ್ ಗೆಸ್ಟ್ ವಸತಿ ಮುಂತಾದವುಗಳಿಗೆ ಉದ್ದಿಮೆ ಪರವಾನಗಿ ಕೋರುವವರು ಪರಿಶೀಲನೆಗೆ ಅಧಿಕಾರಿಗಳು ಬರುವುದಕ್ಕೆ ಮುಂಚೆಯೇ ಫಲಕ, ದೂರು ಸ್ವೀಕರಿಸುವವರ ಹೆಸರು ಇವುಗಳನ್ನು ಅಳವಡಿಸಿಕೊಳ್ಳುವುದು ಸೂಕ್ತ. ಕಟ್ಟಡದ ನಕ್ಷೆಯಲ್ಲಿ ಧೂಮಪಾನ ಕೊಠಡಿ ತೋರಿಸುವವರು ತಮ್ಮ ಆಸನಗಳ ಅಥವಾ ಕೊಠಡಿಗಳ ಸಂಖ್ಯೆಯು ನಿಗದಿತ ಮಿತಿಯನ್ನು ತಲುಪಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಲಿ.

ತಂಬಾಕು ಉತ್ಪನ್ನಗಳನ್ನು ಮಾರುವ ಅಂಗಡಿಯವರಿಗೆ ಬೇರೆ ನಿರ್ಬಂಧಗಳಿವೆ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಶಿಕ್ಷಣ ಸಂಸ್ಥೆಗಳಿಂದ 100 ಮೀಟರ್ ವ್ಯಾಪ್ತಿಯೊಳಗೆ ಮಾರುವಂತಿಲ್ಲ. ಸಿಗರೇಟನ್ನು ಪೊಟ್ಟಣದಿಂದ ತೆಗೆದು ಒಂದೊಂದಾಗಿ ಬಿಡಿಯಾಗಿ ಮಾರುವಂತಿಲ್ಲ. ಇದು 2025ರ ತಿದ್ದುಪಡಿಯಿಂದ ಬಂದ ಹೊಸ ನಿರ್ಬಂಧ, ಚಿಲ್ಲರೆ ಅಂಗಡಿಗಳವರು ಇನ್ನೂ ಸರಿಯಾಗಿ ಅರಿತಂತಿಲ್ಲ. 18 ವರ್ಷ ಎಂದು ಬರೆದಿರುವ ಹಳೆಯ ಫಲಕಗಳನ್ನು ಬದಲಾಯಿಸಿಕೊಳ್ಳಬೇಕು.

ನೆರೆಯ ರಾಜ್ಯಗಳಲ್ಲಿ ಶಾಖೆ ಹೊಂದಿರುವ ಉದ್ದಿಮೆದಾರರು ಗಮನಿಸಬೇಕಾದದ್ದು: ಮೇಲಿನ ರೂ. 1,000 ದಂಡ, 21 ವರ್ಷದ ಮಿತಿ ಮತ್ತು ಬಿಡಿ ಮಾರಾಟದ ನಿಷೇಧವು ಕರ್ನಾಟಕದ ತಿದ್ದುಪಡಿಯಿಂದ ಬಂದವು. ಫಲಕ, ಬೂದಿ ಬಟ್ಟಲು, ಧೂಮಪಾನ ಕೊಠಡಿಗೆ ಸಂಬಂಧಿಸಿದ 2008ರ ನಿಯಮಗಳು ಕೇಂದ್ರದವು.

ಧೂಮಪಾನ ತ್ಯಜಿಸಲು ನೆರವು

ದಂಡ ತೆತ್ತವರೆಲ್ಲರೂ ಬಿಡಲು ಮನಸ್ಸಿಲ್ಲದವರೆಂದು ತಿಳಿಯಬೇಕಾಗಿಲ್ಲ. ನಿಕೋಟಿನ್ ಒಂದು ಚಟಕಾರಿ ವಸ್ತು, ಅದರಿಂದ ಹೊರಬರಲು ಹಲವರಿಗೆ ಸಹಾಯ ಬೇಕಾಗುತ್ತದೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ ಆಪ್ತ ಸಮಾಲೋಚನೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಸಹಾಯವಾಣಿಯ ಪ್ರಾದೇಶಿಕ ಕೇಂದ್ರಗಳಲ್ಲೊಂದಾಗಿದ್ದು, ಕನ್ನಡದಲ್ಲಿಯೂ ಸಮಾಲೋಚನೆ ದೊರೆಯುತ್ತದೆ. ಈ ಸಂಖ್ಯೆಯನ್ನು ತಂಬಾಕು ಉತ್ಪನ್ನಗಳ ಪೊಟ್ಟಣದ ಮೇಲೆಯೂ ಮುದ್ರಿಸಲಾಗಿರುತ್ತದೆ. ಕೆಲಸದ ಸ್ಥಳದ ಮುಖ್ಯಸ್ಥರು ನಿಷೇಧದ ಫಲಕದ ಪಕ್ಕದಲ್ಲಿ, ದೂರು ಸ್ವೀಕರಿಸುವವರ ಹೆಸರಿನ ಕೆಳಗೆ, ಈ ಸಂಖ್ಯೆಯನ್ನೂ ಬರೆಯಿಸಬಹುದು. ಅದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ.